ಟೈಪ್ ಮಾಡಿದ ಬೆರಳು ಯಾರದಾದರೇನು?

ನಮಸ್ಕಾರ. ಹಿಂದಿನ ಎಪಿಸೋಡಿಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಅಮೆರಿಕದಲ್ಲಿ ಮೆಡಿಕಲ್ ಸ್ಟೂಡೆಂಟ್ ರೋಗಿಯ ಬಗ್ಗೆ ಬರೆದ ನೋಟ್ಸ್ ಇಟ್ಟುಕೊಂಡು ಡಾಕ್ಟರು ಬಿಲ್ ಮಾಡುತ್ತಾರೆ, ಹಗಲು ದರೋಡೆ." ಹನ್ನೊಂದು ಲೈಕ್ ಬೇರೆ! 'ದರೋಡೆ'ಯಲ್ಲೇ ಎರಡು ತಪ್ಪಿತ್ತು, ನಾನು ತಿದ್ದಿ ಓದಿದೆ.

ಸ್ವಾಮಿ, ರೋಗಿಯನ್ನು ಡಾಕ್ಟರು ನೋಡಿದರಾ? ಅದನ್ನು ಕೇಳಿ. ಟೈಪ್ ಮಾಡಿದ ಬೆರಳು ಯಾರದಾದರೇನು?

ಮೆಡಿಕೇರ್ ಅಂದರೆ ಅಲ್ಲಿ ಮುಖ್ಯವಾಗಿ 65 ದಾಟಿದವರಿಗೆ ಸರ್ಕಾರದ ವಿಮೆ. 2018ಕ್ಕೆ ಮೊದಲು ಸ್ಟೂಡೆಂಟ್ ಬರೆದದ್ದರಲ್ಲಿ ಅದರ ಬಿಲ್ಲಿಗೆ ಲೆಕ್ಕ ಸಿಗುತ್ತಿದ್ದದ್ದು ಹಳೇ ಕಾಯಿಲೆ, ಮನೆಯವರ ಕಾಯಿಲೆ, ಕುಡಿತ, ಸಿಗರೇಟು, ಮತ್ತೆ ತಲೆಯಿಂದ ಕಾಲಿನವರೆಗೆ ಏನೇನು ತೊಂದರೆ ಅನ್ನುವ ಪಟ್ಟಿ. ಅಷ್ಟೇ. ಈಗಿನ ನೋವು ಹೇಗೆ ಶುರುವಾಯಿತು, ಪರೀಕ್ಷೆಯಲ್ಲಿ ಏನು ಕಂಡಿತು, ಎಲ್ಲವನ್ನೂ ಡಾಕ್ಟರು ಮತ್ತೆ ಬರೆಯಬೇಕಿತ್ತು. ಒಬ್ಬಳು ಹುಡುಗಿ ಮುಕ್ಕಾಲು ಗಂಟೆ ಅಜ್ಜಿಯ ಪಕ್ಕ ಕೂತು ಕೇಳಿ ಬರೆದಿದ್ದರೂ ಬಿಲ್ಲಿನ ಮಟ್ಟಿಗೆ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

2018ರ ಫೆಬ್ರವರಿಯಲ್ಲಿ ಮೆಡಿಕೇರ್ ನಡೆಸುವ ಸಿಎಂಎಸ್ ಹೇಳಿತು: ಮತ್ತೆ ಬರೆಯಬೇಡಿ, ಅವಳು ಬರೆದದ್ದನ್ನು ಪರಿಶೀಲಿಸಿ. ಆದರೆ ಪರೀಕ್ಷೆ ಮತ್ತು ಚಿಕಿತ್ಸೆಯ ತೀರ್ಮಾನ, ಎರಡನ್ನೂ ಕಲಿಸುವ ಡಾಕ್ಟರೇ ಖುದ್ದಾಗಿ ಮಾಡಬೇಕು. ಸ್ಟೂಡೆಂಟ್ ಆಗಲೇ ಪರೀಕ್ಷೆ ಮಾಡಿದ್ದರೂ ಮತ್ತೆ ಮಾಡಬೇಕು! ಕೇಳಿಸಿತಾ? ರೋಗಿಯನ್ನು ನೋಡದೆ ಬಿಲ್ ಇಲ್ಲ. ನಿಯಮದಲ್ಲೇ ಇದೆ.

"ಓದದೆ ಸಹಿ ಹಾಕಿದರೆ?" ಅಯ್ಯೋ, ಅಂಥವರು ತಾವೇ ಬರೆಯುವಾಗ ನಿನ್ನೆಯ ನೋಟ್ಸ್ ಕಾಪಿ ಪೇಸ್ಟ್ ಮಾಡುತ್ತಿರಲಿಲ್ಲವಾ? ಕಳ್ಳನಿಗೆ ಪೆನ್ನು ಯಾರದಾದರೂ ಒಂದೇ.

"ಹುಡುಗರು ತಪ್ಪು ಬರೆದರೆ?" ತಿದ್ದಬೇಕು. ನಿಮ್ಮ 'ದರೋಡೆ'ಯನ್ನು ನಾನು ತಿದ್ದಲಿಲ್ಲವಾ? ಪರಿಶೀಲನೆ ಅಂದರೆ ಇದೇ ಕಣ್ರೀ!

ತಡೀರಿ, ಚಾನೆಲ್ ಕಾಫಿ ಮಗ್ ಬಂದಿದೆ, ಲಿಂಕ್ ಕೆಳಗಿದೆ. ಹಿಡಿ ಸ್ವಲ್ಪ ಸೊಟ್ಟ, ಕಾಫಿ ಚೆಲ್ಲುವುದಿಲ್ಲ.

ಎಲ್ಲಿದ್ದೆ? ಹಾಂ, 2020ರಲ್ಲಿ ನರ್ಸ್ ಪ್ರಾಕ್ಟೀಷನರ್, ಅಂದರೆ ಹೆಚ್ಚು ಓದಿ ಚಿಕಿತ್ಸೆಯನ್ನೂ ಕೊಡುವ ನರ್ಸ್, ಆಗಲು ಓದುವವರ ನೋಟ್ಸಿಗೂ ಇದೇ ರಿಯಾಯಿತಿ ಕೊಟ್ಟರು. ಆಕಾಶ ಕಳಚಿ ಬಿತ್ತಾ? ಇಲ್ಲ. ಯಾಕೆ? ಯಾಕೆಂದರೆ... ರೋಗಿಯನ್ನು ನೋಡಿದ್ದು ಡಾಕ್ಟರು! ಇನ್ನೆಷ್ಟು ಸಲ ಹೇಳಲಿ? ನೋಡಿದ್ದು ಡಾಕ್ಟರು! ಸುಮ್ನೆ ಬೆರಳು ಎಣಿಸುತ್ತಾ ಕೂರಬೇಡಿ.

ಕಾಫಿ ಆರಿಹೋಯಿತು. ಸಬ್‌ಸ್ಕ್ರೈಬ್ ಮಾಡಿ. ಲೈಕ್ ಒತ್ತಿದ ಆ ಹನ್ನೊಂದು ಜನ, ನಿಮ್ಮ ಹೆಸರೆಲ್ಲ ನೋಡಿದ್ದೇನೆ. ಅದರಲ್ಲಿ ನಮ್ಮ ಭಾವನೂ ಇದ್ದಾರೆ.