ಒಡೆದು ಹೋಗಬೇಕಿದ್ದ ಬ್ಯಾಂಡಿನ ಮೊದಲ ರೆಕಾರ್ಡ್

ಹಾಡು ಹಾಕುವ ಹಾಗಿಲ್ಲ. ಹಾಕಿದರೆ ಈ ವಿಡಿಯೋಗೆ ಕಾಪಿರೈಟ್ ಸ್ಟ್ರೈಕ್ ಗ್ಯಾರಂಟಿ. ಅದಕ್ಕೇ ಬಾಯಲ್ಲೇ ಹೇಳುತ್ತೇನೆ, ನೀವು ಆಮೇಲೆ ಹುಡುಕಿ ಕೇಳಿ.

ಮೊದಲು ಡ್ರಮ್ ಮೇಲೆ ಟಪ್ ಟಪ್ ಅಂತ ಏಟು. ತಕ್ಷಣ ಗಿಟಾರುಗಳು ಒಟ್ಟಿಗೆ ನುಗ್ಗುತ್ತವೆ. ಪೀಠಿಕೆ ಗೀಠಿಕೆ ಏನೂ ಇಲ್ಲ. ಆಮೇಲೆ ಒಂದು ದನಿ. ನಡುಗುತ್ತದೆ, ಆದರೆ ಹೆದರಿದ ನಡುಕ ಅಲ್ಲ. ಮಧ್ಯೆ ಚಪ್ಪಾಳೆ. ಎರಡೂವರೆ ನಿಮಿಷ ತುಂಬುವುದರೊಳಗೆ ಮುಗಿದೇ ಹೋಗುತ್ತದೆ.

ಇದು 'ಟೀನೇಜ್ ಕಿಕ್ಸ್'. ಹಾಡಿದವರು ದಿ ಅಂಡರ್‌ಟೋನ್ಸ್. ಉತ್ತರ ಐರ್ಲೆಂಡಿನ ಡೆರಿ ಊರಿನ ಐವರು ಹುಡುಗರು. ದನಿ ಫರ್ಗಲ್ ಶಾರ್ಕಿಯದು. ಚಿಕ್ಕಂದಿನಲ್ಲಿ ಐರಿಷ್ ಗಾಯನ ಸ್ಪರ್ಧೆಗಳಲ್ಲಿ ಬಹುಮಾನ ಹೊಡೆದಿದ್ದ ಹುಡುಗ. ಪಂಕ್, ಅಂದರೆ ಜೋರು ಒರಟು ರಾಕ್, ಹಾಡುವಾಗಲೂ ಆ ಗಂಟಲು ಹಾಗೇ ಉಳಿಯಿತು. ಹಾಡು ಬರೆದವನು ಜಾನ್ ಓನೀಲ್. ಇನ್ನೊಂದು ಗಿಟಾರ್ ಅವನ ತಮ್ಮ ಡೇಮಿಯನ್‌ದು. ನಿಜ ಹೇಳಬೇಕೆಂದರೆ, ಆ ಜಾಗದಲ್ಲಿ ಮೊದಲು ಇದ್ದವನು ಇನ್ನೊಬ್ಬ ಸೋದರ ವಿನ್ಸೆಂಟ್. ಪರೀಕ್ಷೆ ಬಂತು ಅಂತ ಬ್ಯಾಂಡ್ ಬಿಟ್ಟ! ನಮ್ಮ ಎಸ್ಸೆಸ್ಸೆಲ್ಸಿ ಮನೆಗಳ ಕಥೆಯೇ, ಅಲ್ವಾ?

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟಿನ ಗ್ರೇಟ್ ವಿಕ್ಟೋರಿಯಾ ಸ್ಟ್ರೀಟ್. ಆ ದೊಡ್ಡ ಕಟ್ಟಡ ಯುರೋಪಾ ಹೋಟೆಲ್. ಉತ್ತರ ಐರ್ಲೆಂಡ್ ಬ್ರಿಟನ್ ಜೊತೆ ಇರಬೇಕೋ ಐರ್ಲೆಂಡ್ ಸೇರಬೇಕೋ ಎಂಬ ಗಲಭೆಯ ವರ್ಷಗಳಲ್ಲಿ 30ಕ್ಕೂ ಹೆಚ್ಚು ಸಲ ಬಾಂಬ್ ತಿಂದ ಹೋಟೆಲ್ ಅದು. ಅಂಥ ಬೀದಿಯಲ್ಲಿ ಟೆರಿ ಹೂಲಿ ಎಂಬ ಆಸಾಮಿ ಗುಡ್ ವೈಬ್ರೇಷನ್ಸ್ ಅಂತ ರೆಕಾರ್ಡ್ ಅಂಗಡಿ ತೆರೆದ. ಅದೇ ಹೆಸರಿನಲ್ಲಿ ಲೇಬಲ್ಲನ್ನೂ, ಅಂದರೆ ರೆಕಾರ್ಡ್ ಹೊರತರುವ ಕಂಪನಿಯನ್ನೂ ಶುರು ಮಾಡಿದ. ಧೈರ್ಯವೋ ಹುಚ್ಚೋ, ನೀವೇ ಹೇಳಿ.

1978ರ ಜೂನ್ 15. ಹೂಲಿಯ ಲೇಬಲ್ಲಿಗಾಗಿ ಹುಡುಗರು ಡೆರಿಯಿಂದ ಬಂದು ಇಲ್ಲಿನ ವಿಜರ್ಡ್ ಸ್ಟುಡಿಯೋದಲ್ಲಿ ನಾಲ್ಕು ಹಾಡು ಮುಗಿಸಿದರು. ಖರ್ಚು ಸುಮಾರು 200 ಪೌಂಡ್. ಡೇಮಿಯನ್‌ಗೆ ಆಗ 17 ವರ್ಷ. ಬ್ಯಾಂಡನ್ನು ಅಷ್ಟಕ್ಕೇ ನಿಲ್ಲಿಸುವ ಯೋಚನೆ ಇತ್ತು. ಹೋಗುವ ಮುಂಚೆ ನೆನಪಿಗೆ ಒಂದು ರೆಕಾರ್ಡ್ ಇರಲಿ ಅಂತ ಮಾಡಿದ್ದು. ನನಗೆ ಈ ಹಾಡು ಹಿಡಿಸುವುದೇ ಅದಕ್ಕೆ. ಯಾರನ್ನೂ ಮೆಚ್ಚಿಸುವ ಆತುರ ಇಲ್ಲ. ಹೊರಗೆ ಸೈನಿಕರು, ಚೆಕ್‌ಪೋಸ್ಟ್. ಒಳಗೆ ಇವರು ಒಂದು ಹುಡುಗಿಯ ಬಗ್ಗೆ ಹಾಡುತ್ತಿದ್ದಾರೆ. ರಾಜಕೀಯ ಯಾಕೆ ಹಾಡಲಿಲ್ಲ ಅಂತ ಕೇಳುವವರು ಈಗಲೂ ಇದ್ದಾರೆ. ದಿನಾ ಬಾಗಿಲಲ್ಲೇ ನಿಂತಿರುವುದನ್ನು ಹಾಡಿನಲ್ಲೂ ಯಾಕೆ ಕರೆಯಬೇಕು?

ರೆಕಾರ್ಡಿಗೆ ರಟ್ಟಿನ ಕವರ್ ಕೂಡ ಇರಲಿಲ್ಲ. ಪೋಸ್ಟರ್ ಥರದ ಒಂದು ದೊಡ್ಡ ಕಾಗದ. ಅದನ್ನೇ ಮಡಚಿ ಒಳಗೆ ಪ್ಲೇಟ್ ಇಟ್ಟರು. ಕಡಿಮೆ ದುಡ್ಡಿನ ಉಪಾಯ, ನೋಡಲು ಮಾತ್ರ ಭಾರಿ ಚೆಂದ.

ಹೂಲಿ ಅದನ್ನು ಲಂಡನ್ನಿನ ಕಂಪನಿಗಳಿಗೆ ಹೊತ್ತ. ಯಾರಿಗೂ ಬೇಡ. ಆದರೆ ಒಂದು ಪ್ರತಿ ಬಿಬಿಸಿ ರೇಡಿಯೋ ಒನ್‌ನ ಡಿಜೆ ಜಾನ್ ಪೀಲ್ ಕೈಗೆ ಸಿಕ್ಕಿತು. ಸೆಪ್ಟೆಂಬರ್ 25ರ ರಾತ್ರಿ ಪೀಲ್ ಅದನ್ನು ಹಾಕಿದರು. ಮುಗಿದ ಕೂಡಲೇ ಮತ್ತೆ ಅದನ್ನೇ ಹಾಕಿದರು! ಅಮೆರಿಕದ ಸೈರ್ ರೆಕಾರ್ಡ್ಸ್ ಕಂಪನಿ ಬ್ಯಾಂಡ್ ಜೊತೆ ಒಪ್ಪಂದಕ್ಕೆ ಓಡಿ ಬಂತು. ಹಾಡು ಬ್ರಿಟನ್ ಚಾರ್ಟಿನಲ್ಲಿ 31ನೇ ಸ್ಥಾನಕ್ಕೆ ಹೋಯಿತು. ಪೀಲ್ 2004ರಲ್ಲಿ ತೀರಿಕೊಂಡರು. ಅವರ ಸಮಾಧಿ ಕಲ್ಲಿನ ಮೇಲೆ ಇದೇ ಹಾಡಿನ ಒಂದು ಸಾಲು ಕೆತ್ತಿದ್ದಾರೆ.

ಬ್ಯಾಂಡ್ ಒಡೆಯಲಿಲ್ಲ, ಅಂದರೆ 1983ರ ತನಕ.

ರೆಕಾರ್ಡ್ ಕೊಳ್ಳುವ ಗೀಳು ಇರುವವರಿಗೆ ಒಂದು ಮಾತು. ಇವರ ಮೊದಲ ಆಲ್ಬಂ 1979ರ ಮೇ ತಿಂಗಳಲ್ಲಿ ಬಂತು. ಅದರಲ್ಲಿ ಟೀನೇಜ್ ಕಿಕ್ಸ್ ಇರಲೇ ಇಲ್ಲ! ಅದೇ ವರ್ಷ ಮತ್ತೆ ಬಿಡುಗಡೆ ಮಾಡಿದಾಗ ಸೇರಿಸಿದರು. ಹಾಗಾಗಿ ಹಳೇ ಎಲ್‌ಪಿ ಕಣ್ಣಿಗೆ ಬಿದ್ದರೆ, ಹಿಂದೆ ತಿರುಗಿಸಿ ಹಾಡಿನ ಪಟ್ಟಿ ನೋಡಿಕೊಂಡೇ ದುಡ್ಡು ಕೊಡಿ.