‘ಸ್ಪೇಸ್’ ಅನ್ನಬೇಡಿ, ಜನರಲ್ ಸಾಹೇಬರೇ!

ನಮಸ್ಕಾರ. 1957ರ ಫೆಬ್ರವರಿ 19. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಏರ್‌ಫೋರ್ಸ್ ಜನರಲ್ ಒಬ್ಬರು ಭಾಷಣ ಮಾಡುತ್ತಾರೆ. ನಾಳೆಯ ಯುದ್ಧದಲ್ಲಿ ಬಾಹ್ಯಾಕಾಶದಲ್ಲಿ ಯಾರ ಕೈ ಮೇಲೋ ಅವರೇ ಗೆಲ್ಲಬಹುದು ಅನ್ನುತ್ತಾರೆ. ಮರುದಿನವೇ ಮೇಲಿನಿಂದ ತಾಕೀತು ಬರುತ್ತದೆ: ಇನ್ನು ನಿಮ್ಮ ಭಾಷಣದಲ್ಲಿ ‘ಸ್ಪೇಸ್’ ಅನ್ನೋ ಪದ ಬರಕೂಡದು. ಎಂಟು ತಿಂಗಳೂ ಆಗಿರಲಿಲ್ಲ, ಅಕ್ಟೋಬರ್ 4ಕ್ಕೆ ರಷ್ಯಾದವರು ಜಗತ್ತಿನ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿಸಿಬಿಟ್ಟರು!

ಆ ಜನರಲ್ ಹೆಸರು ಬರ್ನಾರ್ಡ್ ಶ್ರೀವರ್. ಕೇಳಿದರೆ ನಮ್ಮ ಕಡೆಯವರೇನೋ ಅನ್ನಿಸುತ್ತದೆ, ಅಲ್ವಾ? ಹುಟ್ಟಿದ್ದು 1910ರಲ್ಲಿ, ಜರ್ಮನಿಯ ಬ್ರೆಮೆನ್‌ನಲ್ಲಿ. ಆರು ವರ್ಷದ ಹುಡುಗನಾಗಿ 1917ರಲ್ಲಿ ಅಮೆರಿಕಕ್ಕೆ ಬಂದರು. ಮರುವರ್ಷವೇ ತಂದೆ ತೀರಿಹೋದರು. ಟೆಕ್ಸಾಸ್‌ನಲ್ಲಿ ತಾಯಿ ಗಾಲ್ಫ್ ಮೈದಾನದ ಪಕ್ಕ ಸ್ಯಾಂಡ್‌ವಿಚ್ ಮಾರಿ ಮಕ್ಕಳನ್ನು ಸಾಕಿದರು. ಹುಡುಗ ಎಂಜಿನಿಯರಿಂಗ್ ಓದಿ, ಪೈಲಟ್ ಆಗಿ, 1942ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾಸ್ಟರ್ಸ್ ಮುಗಿಸಿದ.

ಮುಂದೆ ಅಮೆರಿಕದ ಏರ್‌ಫೋರ್ಸ್‌ನ ಕ್ಷಿಪಣಿ ಯೋಜನೆ ನಡೆಸಿದ ಇವರನ್ನು ಕ್ಷಿಪಣಿಗಳ ಪಿತಾಮಹ ಅಂತ ಕರೆಯುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಒಂದು ರಾಕೆಟ್ಟನ್ನೂ ಇವರು ಕೂತು ಡಿಸೈನ್ ಮಾಡಿಲ್ಲ. ಗೊತ್ತಿದ್ದವರ ಮಾತು ಇವರಿಗೆ ಅರ್ಥವಾಗುತ್ತಿತ್ತು. ಓದಿದ್ದು ಉಪಯೋಗಕ್ಕೆ ಬಂದಿದ್ದು ಅಲ್ಲಿ. 1953ರಲ್ಲಿ ಗಣಿತಜ್ಞ ಜಾನ್ ಫಾನ್ ನಾಯ್ಮನ್, ಹೈಡ್ರೋಜನ್ ಬಾಂಬ್ ಬೇಗನೆ ಹಗುರವಾಗಲಿದೆ ಅಂದರು. ಬಾಂಬ್ ಹಗುರವಾದರೆ ಹೊರುವ ರಾಕೆಟ್ ಕೂಡ ಚಿಕ್ಕದಾದರೆ ಸಾಕು. ಅಂದರೆ ಖಂಡಾಂತರ ಕ್ಷಿಪಣಿ ಆಗುವ ಕೆಲಸ! ಕೇಳಿದ ಎಷ್ಟೋ ಜನರಿಗೆ ಅದು ಬರೀ ಸುದ್ದಿ. ಶ್ರೀವರ್ ಮಾತ್ರ ನಾಯ್ಮನ್ ಕೆಲಸ ಮಾಡುತ್ತಿದ್ದ ಪ್ರಿನ್ಸ್‌ಟನ್‌ಗೆ ಹೋಗಿ ಆ ಮನುಷ್ಯನನ್ನೇ ಕಂಡು ಖಾತ್ರಿ ಮಾಡಿಕೊಂಡರು.

1954ರಲ್ಲಿ ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನಲ್ಲಿ, ಹಳೇ ಚರ್ಚ್ ಶಾಲೆಯೊಂದರಲ್ಲಿ, ಆ ಕ್ಷಿಪಣಿ ಮಾಡಿಸಲು ಶ್ರೀವರ್ ಆಫೀಸು ಶುರುವಾಯಿತು. ಗುಟ್ಟಿನ ಕೆಲಸ, ಹಾಗಾಗಿ ಯಾರೂ ಯೂನಿಫಾರ್ಮ್ ಹಾಕುವಂತಿಲ್ಲ. ಅವರ ಪದ್ಧತಿ ಹೇಗಿತ್ತು ಅಂದರೆ, ಹುಡುಗಿ ಇನ್ನೂ ಒಪ್ಪಿಲ್ಲ, ಆಗಲೇ ಛತ್ರ ಬುಕ್ ಆಗಿದೆ, ಅಡುಗೆಯವರಿಗೆ ಅಡ್ವಾನ್ಸೂ ಹೋಗಿದೆ! ರಾಕೆಟ್ ಹಾರುವ ಮೊದಲೇ ಕಾರ್ಖಾನೆ, ಉಡಾವಣಾ ನೆಲೆ, ಸಿಬ್ಬಂದಿಯ ತರಬೇತಿ ಎಲ್ಲ ಒಟ್ಟಿಗೆ.

ಬಿದ್ದವೂ ಜಾಸ್ತಿಯೇ. 1957ರ ಏಪ್ರಿಲ್‌ನಲ್ಲಿ ಇವರ ಆಫೀಸಿನದೇ ‘ಥಾರ್’ ಅನ್ನೋ ಕ್ಷಿಪಣಿಯ ಒಂದು ರಾಕೆಟ್ ಸರಿಯಾಗಿಯೇ ಸಮುದ್ರದ ಕಡೆ ಹೊರಟಿತ್ತು. ಅದರ ದಾರಿ ತೋರಿಸುವ, ಕೆಳಗಿದ್ದ ಯಂತ್ರದ ವೈರ್ ಉಲ್ಟಾ ಕೊಟ್ಟಿದ್ದರಿಂದ, ರಾಕೆಟ್ ನೆಲದ ಕಡೆ ತಿರುಗಿದಂತೆ ಕಾಣಿಸಿತು. ಸುರಕ್ಷಾ ಅಧಿಕಾರಿ ಬಟನ್ ಒತ್ತಿ ಅದನ್ನು ಸ್ಫೋಟಿಸಿಯೇಬಿಟ್ಟ. ಪಾಪ, ಅವನೇನು ಮಾಡಿಯಾನು! ಖಂಡಾಂತರ ಕ್ಷಿಪಣಿ ಅಟ್ಲಾಸ್‌ನ ಮೊದಲೆರಡೂ ಹಾರಾಟ ಕೆಟ್ಟವು. ಮೂರನೆಯದು ಆ ಡಿಸೆಂಬರ್‌ನಲ್ಲಿ ಗುರಿ ಮುಟ್ಟಿತು. ಇಷ್ಟು ಸಲ ಬಿದ್ದರೂ ಕೆಲಸ ನಿಲ್ಲದಂತೆ ನೋಡಿಕೊಂಡಿದ್ದು, ನನ್ನ ಪ್ರಕಾರ, ಅವರ ನಿಜವಾದ ಎಂಜಿನಿಯರಿಂಗ್.

ಒಂದು ಮಾತು ಹೇಳದೆ ಇರಲಾರೆ. ಇದೆಲ್ಲ ಊರಿಗೆ ಊರೇ ಸುಡುವ ಬಾಂಬಿಗೋಸ್ಕರ. ಅದನ್ನು ನೆನೆದರೆ ಚಪ್ಪಾಳೆ ಹೊಡೆಯೋಕೆ ಕೈ ಏಳುವುದಿಲ್ಲ. ಆದರೆ 1962ರಲ್ಲಿ ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ ಭೂಮಿ ಸುತ್ತಿದ್ದೂ ಅದೇ ಅಟ್ಲಾಸ್ ಏರಿಕೊಂಡು.

1966ರಲ್ಲಿ ನಿವೃತ್ತರಾದರು. 1998ರಲ್ಲಿ, ಅವರಿನ್ನೂ ಬದುಕಿದ್ದಾಗಲೇ, ಕೊಲೊರಾಡೋದ ಒಂದು ವಾಯುನೆಲೆಗೆ ಅವರ ಹೆಸರಿಟ್ಟರು. ನಮ್ಮ ಫೋನಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳನ್ನು ನೋಡಿಕೊಳ್ಳುವುದು ಅಲ್ಲಿಂದಲೇ. ಅದರ ಬೋರ್ಡಿನ ಮೇಲೆ ಈಗ ಏನಿದೆ ಗೊತ್ತಾ? ಶ್ರೀವರ್ ‘ಸ್ಪೇಸ್’ ಫೋರ್ಸ್ ಬೇಸ್.