ಫಿಲ್ಟರಿನ ಆಚೆ ಬದಿಗೆ ಬೆರಳು ಹಾಕಿ ನೋಡಿ

ನಮಸ್ಕಾರ. ದುಬೈ, ಶಾರ್ಜಾ, ಅಜ್ಮಾನ್ ರಸ್ತೆಗಳಲ್ಲಿ ಈಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ರೇಡಿಯೋ ಹಾಕಿಕೊಂಡಿರುವ ನಮ್ಮವರಿಗೆಲ್ಲ ನಮಸ್ಕಾರ.

ಇಲ್ಲಿ ಸೆಕೆ ಸ್ವಲ್ಪ ಇಳಿಯಿತು ಅಂದರೆ ಸಾಕು, ಎಲ್ಲರಿಗೂ ಮರಳುಗಾಡು ನೆನಪಾಗುತ್ತದೆ. ನನ್ನ ಗ್ಯಾರೇಜಿನ ಫೋನಿಗೆ ಬಿಡುವಿಲ್ಲ. "ಅಣ್ಣಾ, ಒಂದು ನಿಸ್ಸಾನ್ ಪ್ಯಾಟ್ರೋಲ್ ಜೀಪು ನೋಡಿದ್ದೇನೆ, ಬಿಳಿ ಬಣ್ಣ, ಲೆದರ್ ಸೀಟು, ತಗೊಳ್ಳಬಹುದಾ?" ಮೊದಲು ಬಣ್ಣ ಹೇಳುತ್ತಾರೆ, ನೋಡಿ! ಆಮೇಲೆ ಸೀಟು, ಆಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅನ್ನೋದು. ಏರ್ ಫಿಲ್ಟರ್ ಡಬ್ಬಿ ತೆಗೆಸಿದಿರಾ ಅಂತ ಕೇಳಿದರೆ ಆ ಕಡೆಯಿಂದ ಸದ್ದೇ ಇಲ್ಲ.

ಇವತ್ತು ನಾನು ಹೇಳಲಿಕ್ಕೆ ಬಂದದ್ದು ಒಂದೇ ಮಾತು. ಮರಳಲ್ಲಿ ಓಡಿದ ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವ ಮುಂಚೆ ಏರ್ ಫಿಲ್ಟರಿನ ಆಚೆ ಬದಿಗೆ, ಅಂದರೆ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸಿನ ಒಳಗೆ, ಬೆರಳು ಹಾಕಿ ಒರೆಸಿ ನೋಡಿ. ಬೆರಳಿಗೆ ಧೂಳು ಹತ್ತಿತಾ? ಗಾಡಿ ಬಿಟ್ಟು ಬನ್ನಿ. ಎಷ್ಟೇ ಚೆಂದ ಇರಲಿ, ಬಿಟ್ಟು ಬನ್ನಿ.

ಯಾಕೆ ಅಂತೀರಾ? ಮರಳಲ್ಲಿ ಇರುವುದು ಹೆಚ್ಚಾಗಿ ಕ್ವಾರ್ಟ್ಜ್. ಕಲ್ಲುಗಳ ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಅದಕ್ಕೆ 7. ಕಬ್ಬಿಣವನ್ನೂ ಗೀರುವಷ್ಟು ಗಟ್ಟಿ. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಫಿಲ್ಟರ್ ದಾಟಿ ಒಳಗೆ ಹೋದರೆ ಸಿಲಿಂಡರ್ ಗೋಡೆಯನ್ನೂ ಪಿಸ್ಟನ್ ರಿಂಗನ್ನೂ ತೇಯುತ್ತದೆ. ಆಮೇಲೆ ಇಂಜಿನ್ ಆಯಿಲ್ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ, ಪವರ್ ಇಳಿಯುತ್ತದೆ. ಇದನ್ನು ಸರ್ವಿಸ್ ಮಾಡಿಸಿ ಸರಿ ಮಾಡಲಿಕ್ಕೆ ಆಗುವುದಿಲ್ಲ, ಇಂಜಿನ್ನೇ ಬಿಚ್ಚಬೇಕು.

ಧೂಳು ಫಿಲ್ಟರ್ ದಾಟುವುದು ಹೇಗೆ ಅಂತ ಕೇಳಿದರೆ, ಹೆಚ್ಚಾಗಿ ಮಾಲೀಕರ ಕೈಯಿಂದಲೇ. ಮರಳಿನಿಂದ ಬಂದವರು ಸೀದಾ ಟೈರ್ ಅಂಗಡಿಗೆ ಹೋಗಿ ಕಂಪ್ರೆಸರ್ ಗಾಳಿಯನ್ನು ಜೋರಾಗಿ ಫಿಲ್ಟರಿಗೆ ಬಿಡುತ್ತಾರೆ. ಅದು ಕಾಗದ, ಮಾರಾಯ್ರೆ! ಹರಿಯುತ್ತದೆ. ಇಲ್ಲಾಂದ್ರೆ ಡಬ್ಬಿಯ ಕ್ಲಿಪ್ ಮುರಿದಿರುತ್ತದೆ, ಈ ಸೆಕೆಗೆ ರಬ್ಬರ್ ಸೀಲ್ ಒಣಗಿ ಗಟ್ಟಿಯಾಗಿರುತ್ತದೆ, ಸ್ನಾರ್ಕಲ್, ಅಂದರೆ ಮೇಲಿನಿಂದ ಗಾಳಿ ಎಳೆಯುವ ಉದ್ದ ಕೊಳವೆ, ಹಾಕಿಸಿದ್ದರೆ ಅದರ ಜಾಯಿಂಟು ಬಾಯಿ ಬಿಟ್ಟಿರುತ್ತದೆ.

ಒಂದು ಕಥೆ ಹೇಳುತ್ತೇನೆ. ಕುಂದಾಪುರ ಕಡೆಯವರು ಒಬ್ಬರು, ಇಲ್ಲಿ ಹೋಟೆಲ್ ಇಟ್ಟಿದ್ದಾರೆ. ಅವರಿಗೆ ಪ್ಯಾಟ್ರೋಲ್ ಸೂಪರ್ ಸಫಾರಿ ಬೇಕಿತ್ತು. ಹಳೇ ವೈ 61 ಮಾಡೆಲ್, 4.8 ಲೀಟರಿನ ಆರು ಸಿಲಿಂಡರ್ ಇಂಜಿನ್. ಮರಳಿಗೆ ಅದು ರಾಜ, ಆ ವಿಷಯದಲ್ಲಿ ನನ್ನ ತಕರಾರಿಲ್ಲ. ಮಾರುವವನ ಮನೆಗೆ ಹೋದೆವು. ಕರಕ್ ಚಾ ಬಂತು, ಮಾತು ಸಿಹಿ. "ಮಕ್ಕಳನ್ನು ಸ್ಕೂಲಿಗೆ ಬಿಡಲಿಕ್ಕೆ, ಮಾಲ್‌ಗೆ ಹೋಗಲಿಕ್ಕೆ ಅಷ್ಟೇ ಇಟ್ಟಿದ್ದು, ಮರಳಿಗೆ ಇಳಿಸಿಯೇ ಇಲ್ಲ" ಅಂದ. ನಾನು ಅಡಿಗೆ ಬಗ್ಗಿ ನೋಡಿದೆ. ಚಾಸಿ ಪೂರ್ತಿ ಕರಿ ಪೇಂಟು, ಹೊಸತು, ಇನ್ನೂ ವಾಸನೆ ಬರುತ್ತಿತ್ತು. ಸ್ಕೂಲಿಗೆ ಹೋಗುವ ಗಾಡಿಯ ಅಡಿಗೆ ಪೇಂಟು ಹೊಡೆಯುವವರು ಯಾರು ಸ್ವಾಮಿ?

ಬಾನೆಟ್ ಎತ್ತಿಸಿದೆ. ಫಿಲ್ಟರ್ ತೆಗೆದರೆ ಹೊಸದು, ಬೆಳ್ಳಗೆ ಹೊಳೆಯುತ್ತಿದೆ. "ನೋಡಿ, ಹೇಗೆ ಮೇಂಟೇನ್ ಮಾಡಿದ್ದೇನೆ" ಅಂದ. ನಮ್ಮ ಹೋಟೆಲಿನವರಿಗೆ ಖುಷಿಯೋ ಖುಷಿ, ಅಡ್ವಾನ್ಸ್ ಕೊಡಲು ಕೈ ಜೇಬಿಗೆ ಹೋಗಿಯೇ ಬಿಟ್ಟಿತು. ನಾನು ಒಂದು ಸ್ಕ್ರೂಡ್ರೈವರ್ ಕೊಡಿ ಅಂದೆ, ಹೋಸಿನ ಕ್ಲ್ಯಾಂಪ್ ಬಿಚ್ಚಲಿಕ್ಕೆ. ಆಗ ಅವನ ಮುಖ ನೋಡಬೇಕಿತ್ತು! "ಅದನ್ನೆಲ್ಲ ಯಾಕೆ ಬಿಚ್ಚುತ್ತೀರಿ, ಕಂಪನಿ ಫಿಟ್ಟಿಂಗ್ ಅದು" ಅಂತ ಶುರು ಮಾಡಿದ. ಬಿಚ್ಚಿದೆ. ಬೆರಳು ಹಾಕಿ ತೆಗೆದರೆ ಖಾರದ ಪುಡಿಯಂಥ ಕೆಂಪು ಧೂಳು.

ಈಗ ಕೇಳಿ. ಇಲ್ಲಿ ಸಮುದ್ರದ ಹತ್ತಿರದ ಮರಳು ಬಿಳಿ, ಅದರಲ್ಲಿ ಚಿಪ್ಪಿನ ಪುಡಿ ಸೇರಿರುತ್ತದೆ. ಒಳಗೆ ಹತ್ತಾ ರಸ್ತೆಯಲ್ಲಿ ಬದಾಯರ್ ಕಡೆ, ಬಿಗ್ ರೆಡ್ ಅಂತಾರಲ್ಲ, ಅಲ್ಲಿಯದು ಕೆಂಪು, ಕಬ್ಬಿಣದ ಆಕ್ಸೈಡ್ ಅಂಟಿದ್ದು. ದುಬೈ ಪೇಟೆಯ ಯಾವ ಸ್ಕೂಲಿನ ದಾರಿಯಲ್ಲಿ ಇಂಜಿನ್ ಒಳಗೆ ಅಷ್ಟು ಕೆಂಪು ಮರಳು ಸೇರುತ್ತದೆ, ಹೇಳಿ? ಇಂಜಿನ್ ಸ್ಟಾರ್ಟ್ ಮಾಡಿಸಿ ಆಯಿಲ್ ಹಾಕುವ ಮುಚ್ಚಳ ತೆಗೆದೆ. ಬುಸುಬುಸು ಅಂತ ಹೊಗೆ ಮೇಲೆ ಬಂತು. ರಿಂಗ್ ಮುಗಿದಿದೆ ಅಂತ ಅರ್ಥ. ಆಗ ಅವನು, "ಒಂದೆರಡು ಸಲ ಹೋಗಿರಬಹುದು" ಅಂದ.

ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ಹೊರಗೆ ಬಂದ ಮೇಲೆ ನಮ್ಮವರೇ, "ಎರಡು ಸಾವಿರ ದಿರ್ಹಾಂ ಕಡಿಮೆಗೆ ಕೊಡ್ತಾನಂತೆ, ಬಣ್ಣ ಚೆನ್ನಾಗಿದೆ ಅಲ್ವಾ" ಅಂದರು! ಎಳೆದುಕೊಂಡು ಬಂದೆ. ಆಮೇಲೆ ಶಾರ್ಜಾದಲ್ಲಿ ಇನ್ನೊಂದು ನೋಡಿದೆವು. ಚಾಸಿಗೆ ಕೈಯಲ್ಲಿ ತಟ್ಟಿದರೆ ಮರಳು ಸುರಿಯುತ್ತಿತ್ತು, ಬಂಪರ್ ತರಚಿತ್ತು, ಸೀಟ್ ಬೆಲ್ಟ್ ಎಳೆದರೂ ಮರಳು. ಹೋಸಿನ ಒಳಗೆ ಮಾತ್ರ ಬೆರಳಿಗೆ ಏನೂ ಹತ್ತಲಿಲ್ಲ. ಅದನ್ನೇ ತಗೊಂಡರು. ಅದರಲ್ಲೇ ಈಗ ಅಬುಧಾಬಿ ಕಡೆಯ ಲಿವಾ ಮರಳುಗಾಡಿಗೆ ಹೋಗಿ ಬರುತ್ತಾರೆ. ಗಾಡಿಯ ಅಡಿಯಲ್ಲಿ ಮರಳು ಇದ್ದರೆ ಹೆದರಬೇಡಿ, ಇಂಜಿನ್ ಒಳಗೆ ಇದ್ದರೆ ಹೆದರಿ.

"ಪಾಸಿಂಗ್ ಆಗಿದೆಯಲ್ಲ", ಅಂದರೆ ಸರ್ಕಾರಿ ತಪಾಸಣೆ ದಾಟಿದೆಯಲ್ಲ, ಅಂತ ಹೇಳುವವರಿದ್ದಾರೆ. ಪಾಸಿಂಗ್‌ನಲ್ಲಿ ಬ್ರೇಕು, ಲೈಟು, ಟೈರು, ಹೊಗೆ ನೋಡುತ್ತಾರೆ. ನಿಮ್ಮ ಸಲುವಾಗಿ ಹೋಸ್ ಬಿಚ್ಚುವುದಿಲ್ಲ. ಅದು ನಿಮ್ಮ ಕೆಲಸ.

ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಉಳಿದದ್ದು ಬೇಗ ಹೇಳುತ್ತೇನೆ. ದಿಬ್ಬದಿಂದ ಹಾರಿ ಬಿದ್ದ ಗಾಡಿ ಹೌದೋ ಅಲ್ಲವೋ ತಿಳಿಯಲು ಶಾಕ್ ಅಬ್ಸಾರ್ಬರ್ ಕೂತಿರುವ ಜಾಗ, ಸ್ಟೀರಿಂಗ್ ಬಾಕ್ಸ್ ಕೂತಿರುವ ಜಾಗ ಟಾರ್ಚ್ ಹಾಕಿ ನೋಡಿ, ಸೀಳು ಅಥವಾ ಹೊಸ ವೆಲ್ಡಿಂಗ್ ಇದೆಯಾ ಅಂತ. ಟೊಯೋಟಾದ ಎಫ್‌ಜೆ ಕ್ರೂಸರ್ ಆದರೆ ಬಾನೆಟ್ ಒಳಗೆ ಎರಡೂ ಬದಿಯ ತಗಡು ಉಬ್ಬಿದೆಯಾ ನೋಡಿ. ಸಬ್ಖಾ, ಅಂದರೆ ಉಪ್ಪು ನೆಲದಲ್ಲಿ ಓಡಿಸಿದ್ದರೆ ಅಡಿಯಲ್ಲಿ ತುಕ್ಕು ಇರುತ್ತದೆ. ಗೇರ್ ಬಾಕ್ಸ್ ಆಯಿಲ್ ಮೂಸಿ ನೋಡಿ, ಸುಟ್ಟ ವಾಸನೆ ಬಂದರೆ ಮರಳಲ್ಲಿ ಬಿಸಿಯಾಗಿ ಬೆಂದಿದೆ. ಲೋ ರೇಂಜ್, ಅಂದರೆ ನಿಧಾನಕ್ಕೆ ಜೋರಾಗಿ ಎಳೆಯುವ ಗೇರು, ಹಾಕಿಸಿ ನೋಡಿ, ಡಿಫ್ ಲಾಕ್, ಅಂದರೆ ಎರಡೂ ಬದಿಯ ಚಕ್ರ ಒಟ್ಟಿಗೆ ತಿರುಗುವ ಹಾಗೆ ಮಾಡುವ ಲಾಕು, ಅದನ್ನೂ ಹಾಕಿಸಿ ನೋಡಿ, ಅದೂ ಮೆತ್ತಗಿನ ಮಣ್ಣಿನ ಮೇಲೆ, ಟಾರ್ ರಸ್ತೆಯಲ್ಲಿ ಅಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಮರಳಿಗೆ ಗಾಳಿ ಇಳಿಸಿ 15 ಪಿಎಸ್‌ಐ ಆಸುಪಾಸಿನಲ್ಲಿ ಓಡಿಸುತ್ತಾರಲ್ಲ, ಹಾಗಾಗಿ ಒಳಬದಿಯ ಗೋಡೆಗೂ ಕೈಯಾಡಿಸಿ, ಗಾಯ ಇದ್ದರೆ ಅಲ್ಲೇ ಇರುತ್ತದೆ.

ಇಷ್ಟೆಲ್ಲ ಆಗುವುದು ಹೋಸ್ ಬಿಚ್ಚಿದ ಮೇಲೆ, ಆಯ್ತಾ? ಸ್ಕ್ರೂಡ್ರೈವರ್ ನೀವೇ ತಗೊಂಡು ಹೋಗಿ, ಅವರ ಮನೆಯಲ್ಲಿ ಕೇಳಿದರೆ ಸಿಗುವುದಿಲ್ಲ. ನಮಸ್ಕಾರ.